ಅಜ್ಜನ ಬಂಗಾರದ ವಾಚು: ಕೇಸು, ಮಷೀನು, ಡಯಲು ಮೂರನ್ನೂ ಬೇರೆ ಬೇರೆ ನೋಡಿ

ಪ್ರಶ್ನೆ: ನಮ್ಮದು ಲಿಂಗಸುಗೂರು. ಅಜ್ಜ ರಾಯಚೂರಿನಲ್ಲಿ ಹತ್ತಿ ಅಡತಿ ವ್ಯವಹಾರದಲ್ಲಿದ್ದವರು. ಅವರ ಕೈಗಡಿಯಾರ ಈಗ ನನ್ನ ಪಾಲಿಗೆ ಬಂದಿದೆ. ರಜಾಕಾರರ ಗಲಾಟೆ ಮುಗಿದ ವರ್ಷ, 1948ರಲ್ಲಿ, ಹೈದರಾಬಾದಿನಿಂದ ತಂದದ್ದು ಎಂದು ಮನೆಯಲ್ಲಿ ಹೇಳುತ್ತಾರೆ. ಡಯಲಿನ ಮೇಲೆ ಒಮೆಗಾ ಎಂದಿದೆ, 6ರ ಜಾಗದಲ್ಲಿ ಪುಟ್ಟ ಸೆಕೆಂಡ್ ಮುಳ್ಳು. ರಿಪೇರಿಯವರು ಹಿಂದಿನ ಮುಚ್ಚಳ ತೆಗೆದಾಗ ಒಳಗೆ 18ಕೆ, 0.750, ಒಂದು ಹೆಣ್ಣಿನ ಮುಖ, ಸುತ್ತಿಗೆಯಂಥ ಗುರುತು ಕಂಡವು. ಯಾರೋ ಸೂಜಿಯಲ್ಲಿ ಗೀಚಿದ ಅಂಕಿಗಳೂ ಇವೆ. ಮಷೀನು ತಾಮ್ರದ ಬಣ್ಣದ್ದು, 17 ಜ್ಯುವೆಲ್, 266 ಎಂದಿದೆ. ಅದರ ನಂಬರು 1 ಕೋಟಿ 31 ಲಕ್ಷದ ಚಿಲ್ಲರೆ. ಬಂಗಾರದ ಅಂಗಡಿಯವರು ಬರೀ ಕೇಸು ತೂಗಿ 12.4 ಗ್ರಾಂ ಎಂದರು. ಅದರಲ್ಲಿ 9.3 ಗ್ರಾಂ ಬಂಗಾರ ಹಿಡಿದು, 22 ಕ್ಯಾರೆಟ್ ದರ ಹಾಕಿ, ಶೇ. 10 ವೇಸ್ಟೇಜ್ ಕಳೆದು ದುಡ್ಡು ಕೊಡುತ್ತಾರಂತೆ. ಫೋಟೊ ನೋಡಿದ ಖರೀದಿದಾರರೊಬ್ಬರು ಡಯಲು ಡೂಪ್ಲಿಕೇಟ್ ಅಂದುಬಿಟ್ಟರು. ಈ ವಾಚು ಅಸಲಿಯೇ? ಏನು ಬೆಲೆ ಬಾಳುತ್ತದೆ?

ಉತ್ತರ: ಅಂಗಡಿಯವರ ಲೆಕ್ಕಕ್ಕೂ ಫೋಟೊ ನೋಡಿದವರ ತೀರ್ಪಿಗೂ ಈಗಲೇ ಹೂಂ ಅನ್ನಬೇಡಿ. ನೀವು ಕೊಟ್ಟ ವಿವರಗಳಲ್ಲಿ ಹೊಂದದೆ ಇರುವುದು ಒಂದೇ, ಆ 1948. ಉಳಿದದ್ದು ಒಂದಕ್ಕೊಂದು ಕೂಡಿ ಬರುತ್ತಿದೆ.

‘ಅಸಲಿಯೇ’ ಎಂದು ಕೇಳಿದಾಗ ಅದರೊಳಗೆ ಮೂರು ಪ್ರಶ್ನೆ ಇರುತ್ತವೆ. ಕೇಸು ಬಂಗಾರವೇ, ಎಷ್ಟು ಕ್ಯಾರೆಟ್? ಮಷೀನು ಡಯಲಿನಲ್ಲಿ ಹೆಸರಿರುವ ಕಂಪನಿಯದ್ದೇ, ಅದೇ ಕಾಲದ್ದೇ? ಡಯಲು ಕಾರ್ಖಾನೆಯಿಂದ ಹೊರಟ ಹಾಗೆಯೇ ಉಳಿದಿದೆಯೇ? ನಮ್ಮ ಕಡೆ ಪೂರ್ತಿ ನಕಲಿ ವಾಚಿಗಿಂತ ಕೂಡಿಸಿ ಕಟ್ಟಿದ ವಾಚಿನ ಕಾಟವೇ ಜಾಸ್ತಿ. ಪತ್ತಾರರ ಕೈಯಲ್ಲಿ ಮಾಡಿಸಿದ ಅಪ್ಪಟ ಬಂಗಾರದ ಕೇಸಿನೊಳಗೆ ಸ್ಟೀಲ್ ವಾಚಿನಿಂದ ಕಿತ್ತ ಮಷೀನು ಕೂತಿರುತ್ತದೆ. ಒಳ್ಳೆಯ ಮಷೀನಿನ ಮೇಲೆ ಹೊಸದಾಗಿ ಬಣ್ಣ ಬಳಿದ ಡಯಲು ಇರುತ್ತದೆ. ಇಂಥದ್ದನ್ನು ಯಾರೂ ಮೋಸಕ್ಕೇ ಮಾಡಿರಬೇಕೆಂದಿಲ್ಲ. ಬಿಡಿಭಾಗ ಸಿಗದ ಕಾಲದಲ್ಲಿ ವಾಚು ಓಡಲಿ ಎಂದು ಮಾಡಿದ್ದೇ ಹೆಚ್ಚು. ಆದರೆ ಬೆಲೆ ಕಟ್ಟುವಾಗ ಮೂರಕ್ಕೂ ಮೂರು ತಕ್ಕಡಿ ಬೇಕು.

ಮೊದಲು ಕೇಸು. ಹೆಣ್ಣಿನ ಮುಖದ ಗುರುತು ಸ್ವಿಟ್ಜರ್ಲೆಂಡ್ ದೇಶದ ಸಂಕೇತವಾದ ಹೆಲ್ವೇಷಿಯಾ ಎಂಬ ಹೆಣ್ಣಿನದು, ಅಲ್ಲಿನ 18 ಕ್ಯಾರೆಟ್ ಬಂಗಾರದ ಸರ್ಕಾರಿ ಮುದ್ರೆ. 14 ಕ್ಯಾರೆಟ್ಟಿಗೆ ಅಳಿಲು. 1995ರಿಂದ ಈ ಎರಡರ ಜಾಗದಲ್ಲೂ ಸೇಂಟ್ ಬರ್ನಾರ್ಡ್ ನಾಯಿಯ ತಲೆ ಬಂದಿದೆ. ಹಾಗಾಗಿ ಐವತ್ತರ ದಶಕದ್ದು ಎಂದು ಹೇಳುವ ವಾಚಿನಲ್ಲಿ ನಾಯಿಯ ತಲೆ ಕಂಡರೆ ಕೇಸು ಆಮೇಲಿನದ್ದು ಎಂದು ತಿಳಿಯಿರಿ. ಸುತ್ತಿಗೆ ತಲೆಯ ಆಕಾರದೊಳಗೆ ಪುಟ್ಟ ಅಂಕಿ ಇದ್ದರೆ ಅದು ಕೇಸು ಮಾಡಿದ ಕಾರ್ಖಾನೆಯ ಗುರುತು. ಜಿನೀವಾದ ಕೇಸುಗಾರರಿಗೆ ಸುತ್ತಿಗೆಯ ಬದಲು ಬೀಗದ ಕೈ. ಒಮೆಗಾ, ಲಾಂಜೀನ್ಸ್‌ನಂಥ ಕಂಪನಿಗಳೂ ಕೇಸನ್ನು ಇಂಥ ಹೊರಗಿನ ಕಾರ್ಖಾನೆಗಳಿಂದ ಮಾಡಿಸುತ್ತಿದ್ದವು. ಆದ್ದರಿಂದ ಒಳಗೆ ಬೇರೆಯವರ ಗುರುತು ಕಂಡರೆ ಗಾಬರಿ ಬೇಡ.

ಬಳ್ಳಾರಿ ಕಡೆಯ ಮನೆಗಳಿಗೆ ಇನ್ನೊಂದು ಮಾತು. ಬಳ್ಳಾರಿ 1953ರವರೆಗೆ ಮದ್ರಾಸಿಗೆ ಸೇರಿತ್ತು, ಇಂಗ್ಲೆಂಡ್ ಮಾರುಕಟ್ಟೆಗೆ ಮಾಡಿದ ವಾಚುಗಳು ಮದ್ರಾಸಿನ ಅಂಗಡಿಗಳ ಮೂಲಕ ಬಂದಿರಬಹುದು. ಅವುಗಳ ಕೇಸಿನಲ್ಲಿ .375 ಎಂಬ ಅಂಕಿ, ಬರ್ಮಿಂಗ್‌ಹ್ಯಾಮಿನ ಲಂಗರು, ವರ್ಷ ಸೂಚಿಸುವ ಒಂದು ಅಕ್ಷರ ಇರುತ್ತವೆ. ಡೆನಿಸನ್ ಎಂಬ ಇಂಗ್ಲಿಷ್ ಕೇಸುಗಾರರು ಒಮೆಗಾಕ್ಕೆ ಇಂಥ ಕೇಸು ಬಹಳ ಮಾಡಿದ್ದಾರೆ. ಅದು 9 ಕ್ಯಾರೆಟ್, ನೂರಕ್ಕೆ ಮೂವತ್ತೇಳೂವರೆ ಪಾಲು ಮಾತ್ರ ಬಂಗಾರ. ವಾಚು ಅಸಲಿ, ಬಂಗಾರ ಕಡಿಮೆ, ಅದರಲ್ಲಿ ಮೋಸವಿಲ್ಲ.

ಮುದ್ರೆಯನ್ನು ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಐಗ್ಲಾಸಿನಲ್ಲಿ ನೋಡಿ. ಉಕ್ಕಿನ ಅಚ್ಚಿನಿಂದ ಹೊಡೆದ ಮುದ್ರೆಯಾದರೆ ಲೋಹ ಒಳಕ್ಕೆ ಒತ್ತಿಕೊಂಡು ಗೆರೆಯ ಅಂಚು ಚೂಪಾಗಿರುತ್ತದೆ, ತಳ ನುಣುಪು. ಅಸಲಿ ಕೇಸಿನ ಅಚ್ಚು ತೆಗೆದು ಹೊಯ್ದ ನಕಲಿಯಲ್ಲಿ ಹೆಲ್ವೇಷಿಯಾಳ ಮೂಗು, ಗಲ್ಲ ಕರಗಿದ ಬೆಲ್ಲದ ಹಾಗೆ ಮೊಂಡು, ಸುತ್ತ ಸೂಜಿಮೊನೆಯಷ್ಟು ಗುಳಿಗಳು. ಕೇಸೆಲ್ಲ ಸವೆದು ನುಣ್ಣಗಾಗಿದ್ದು, ಹೊರಗಿನ ಮುದ್ರೆ ಒಂದೇ ನಿನ್ನೆ ಹೊಡೆದಷ್ಟು ಹರಿತವಾಗಿದ್ದರೆ ಅದೂ ಅನುಮಾನಕ್ಕೆ ದಾರಿ. ಒಳಗಿನ ಮುದ್ರೆ ಮಾತ್ರ ಹರಿತವಾಗಿಯೇ ಇರಬೇಕು, ಅದನ್ನು ಯಾವ ಅಂಗಿಯ ತೋಳೂ ತಿಕ್ಕಿಲ್ಲವಲ್ಲ.

ನಮ್ಮ ಬಿಐಎಸ್ ಹಾಲ್‌ಮಾರ್ಕ್ ಇಲ್ಲ, ಆರಕ್ಷರದ ಎಚ್‌ಯುಐಡಿ ಇಲ್ಲ ಎಂದು ಯಾರಾದರೂ ಬೆಲೆ ಇಳಿಸಲು ಬಂದರೆ ಒಪ್ಪಬೇಡಿ. 2021ರಲ್ಲಿ ಹಾಲ್‌ಮಾರ್ಕ್ ಕಡ್ಡಾಯ ಮಾಡಿದಾಗಲೇ ಕೈಗಡಿಯಾರಗಳನ್ನು ಅದರಿಂದ ಹೊರಗಿಟ್ಟಿದ್ದಾರೆ.

ನಿಮ್ಮ ವಾಚಿಗಲ್ಲದಿದ್ದರೂ ಹೇಳಲೇಬೇಕಾದದ್ದು ಒಂದಿದೆ. ಬಂಗಾರದ ವಾಚು ಎಂದು ಪೆಟ್ಟಿಗೆಯಿಂದ ಹೊರಬರುವ ಹತ್ತರಲ್ಲಿ ಹೆಚ್ಚಿನವು ಬಂಗಾರದ ನೀರು ಕುಡಿದವು. ಮುಚ್ಚಳದ ಒಳಗೆ ಅಥವಾ ಹಿಂದೆ ‘20 ಮೈಕ್ರಾನ್’, ‘ಪ್ಲಾಕೆ’, ‘ರೋಲ್ಡ್ ಗೋಲ್ಡ್’, ‘14ಕೆ ಗೋಲ್ಡ್ ಫಿಲ್ಡ್’, ‘ಸ್ಟೇನ್‌ಲೆಸ್ ಸ್ಟೀಲ್ ಬ್ಯಾಕ್’ ಎಂದಿದ್ದರೆ ಅದು ಹಿತ್ತಾಳೆಯ ಅಥವಾ ಸ್ಟೀಲಿನ ಮೇಲಿನ ಹೊದಿಕೆ. 14ಕೆ ಎಂದು ಓದಿ ಮುಂದಿನ ಎರಡು ಪದ ಬಿಟ್ಟುಬಿಡುವುದು ಮಾಮೂಲಿ ತಪ್ಪು. ಲೆಕ್ಕ ಹಾಕಿ ನೋಡಿ: ಗಂಡಸರ ವಾಚಿನ ಕೇಸಿನ ಹೊರಮೈ 10 ಚದರ ಸೆಂಟಿಮೀಟರ್ ಎಂದು ಹಿಡಿದರೆ 20 ಮೈಕ್ರಾನ್ ದಪ್ಪದ ಹೊದಿಕೆ 0.02 ಘನ ಸೆಂಟಿಮೀಟರ್ ಆಯಿತು, ತೂಕ ಮೂರು ಹತ್ತಾಂಶ ಗ್ರಾಂ. ಕರಗಿಸುವ ಖರ್ಚೂ ಹುಟ್ಟುವುದಿಲ್ಲ. ಇಂಥ ವಾಚಿನ ಕಿವಿಗಳ, ಅಂದರೆ ಬೆಲ್ಟು ಸಿಕ್ಕಿಸುವ ನಾಲ್ಕು ಕೊಂಬುಗಳ ತುದಿಯಲ್ಲಿ, ಬೆಲ್ಟು ತಿಕ್ಕುವ ಕಡೆ, ಮೊದಲು ಹಿತ್ತಾಳೆ ಇಣುಕುತ್ತದೆ. ನಮ್ಮ ಬಿಸಿಲಿಗೆ ಬೆವರು ಕೂತು ಹಸಿರು ಕಿಲುಬು ಬಂದಿರುತ್ತದೆ. 18 ಕ್ಯಾರೆಟ್ ಬಂಗಾರಕ್ಕೆ ಹಸಿರು ಕಿಲುಬು ಕಟ್ಟುವುದಿಲ್ಲ. ದುಬೈನಿಂದ ಬಂದ ಬಂಗಾರದ ಬಣ್ಣದ ರಾಡೋ ಡಯಾಸ್ಟಾರ್ ಎಷ್ಟೇ ಭಾರವಿರಲಿ, ಆ ಭಾರ ಗೀರು ಬೀಳದ ಗಟ್ಟಿ ಲೋಹದ್ದು. ಎಚ್‌ಎಂಟಿಯ ಸೋನಾಕ್ಕೂ ಹೆಸರಷ್ಟೇ ಬಂಗಾರದ್ದು. ಚೆಂದದ ತೆಳು ವಾಚು ಅದು, ಆದರೆ ಬಂಗಾರದ ನೀರು ಹಾಕಿದ್ದು.

ಪರೀಕ್ಷೆ ಹೇಗೆ? ಪತ್ತಾರರು ಅರ ಹಚ್ಚಿ ಒರೆಗಲ್ಲಿಗೆ ತಿಕ್ಕುತ್ತೇನೆ ಅಂದರೆ ಬೇಡ ಅನ್ನಿ. ಬಳೆಯ ಮೇಲಿನ ಗೀರು ಪಾಲಿಷಿನಲ್ಲಿ ಹೋಗುತ್ತದೆ, ವಾಚಿನ ಕೇಸಿನ ಅಂಚು ಹೋದರೆ ಹೋಯಿತು. ದಪ್ಪ ಹೊದಿಕೆಯ ಕೇಸು ಒರೆಗಲ್ಲನ್ನು ದಾಟಿ ಬಿಡುವುದೂ ಉಂಟು. ಅಯಸ್ಕಾಂತವನ್ನಂತೂ ಹತ್ತಿರ ತರಲೇಬೇಡಿ. ಹಿತ್ತಾಳೆಯೂ ಅದಕ್ಕೆ ಅಂಟುವುದಿಲ್ಲ, ಹಾಗಾಗಿ ಬಂಗಾರದ ವಿಷಯದಲ್ಲಿ ಅದು ಏನನ್ನೂ ಹೇಳದು. ಮಷೀನಿನ ಹೇರ್ ಸ್ಪ್ರಿಂಗಿಗೆ ಮಾತ್ರ ಅದರ ಗುಣ ಹತ್ತಿ ವಾಚು ದಿನಕ್ಕೆ ಹಲವು ನಿಮಿಷ ಮುಂದೆ ಓಡತೊಡಗುತ್ತದೆ.

ಕ್ಯಾರೆಟ್ ಮೀಟರ್ ಎಂದು ಅಂಗಡಿಗಳಲ್ಲಿ ಹೇಳುವ ಎಕ್ಸ್‌ಆರ್‌ಎಫ್ ಯಂತ್ರ ಗೀರು ಮಾಡುವುದಿಲ್ಲ. ಆದರೆ ಅದು ನೋಡುವುದು ಮೇಲಿನ ಕೆಲವು ಮೈಕ್ರಾನ್, ಹೆಚ್ಚೆಂದರೆ ಹತ್ತಿಪ್ಪತ್ತು. ಎಂಬತ್ತು ಮೈಕ್ರಾನಿನ ಬಂಗಾರದ ಟೊಪ್ಪಿಗೆ ಹಾಕಿದ ಸ್ಟೀಲ್ ಕೇಸನ್ನು ಅದು ಕಣ್ಣುಮುಚ್ಚಿ ಬಂಗಾರ ಎನ್ನುತ್ತದೆ. ಅದಕ್ಕೇ ಒಂದು ಕಡೆ ತೋರಿಸಿ ಬರಬೇಡಿ, ಮೂರು ಕಡೆ ತೋರಿಸಿ: ಮುಚ್ಚಳದ ಹೊರಮೈ, ಮುಚ್ಚಳದ ಒಳಮೈ, ಅತಿ ಹೆಚ್ಚು ಸವೆದ ಕಿವಿಯ ತುದಿ. ಮೂರೂ ಕಡೆ ಬಂಗಾರ 75ರ ಆಸುಪಾಸು ಬಂದು, ಉಳಿದದ್ದು ಬೆಳ್ಳಿ ಮತ್ತು ತಾಮ್ರ ಎಂದು ಬಂದರೆ ಗಟ್ಟಿ 18 ಕ್ಯಾರೆಟ್. ಒಳಮೈಯಲ್ಲಿ ಕಬ್ಬಿಣ, ಕ್ರೋಮಿಯಂ ಬಂದರೆ ಸ್ಟೀಲು. ಕಿವಿಯ ತುದಿಯಲ್ಲಿ ಸತು ಹೆಚ್ಚಿದರೆ ಕೆಳಗೆ ಹಿತ್ತಾಳೆ ಇದೆ.

ಇದಕ್ಕಿಂತ ಅಗ್ಗದ, ನನ್ನ ಮಟ್ಟಿಗೆ ಇದಕ್ಕಿಂತ ನಂಬಿಕೆಯ ಪರೀಕ್ಷೆ ನೀರಿನ ತೂಕ. ಹಟ್ಟಿ ಗಣಿಯ ನೆರೆಯವರಾದ ನಿಮಗೆ ಬಂಗಾರ ಭಾರದ ಲೋಹ ಎಂದು ಹೇಳಬೇಕಿಲ್ಲ. ಆ ಭಾರವನ್ನೇ ಅಳೆಯುವುದು. ರಿಪೇರಿಯವರಿಂದ ಮಷೀನು, ಗ್ಲಾಸು, ಚಾವಿ, ಬೆಲ್ಟಿನ ಸ್ಪ್ರಿಂಗ್ ಪಿನ್ನು, ರಬ್ಬರ್ ರಿಂಗು ಎಲ್ಲ ತೆಗೆಸಿ. ಬರೀ ಕೇಸಿನ ಚೌಕಟ್ಟು ಮತ್ತು ಮುಚ್ಚಳ ಉಳಿಯಬೇಕು. ಮೂಲೆಯ ಕಪ್ಪು ಜಿಡ್ಡನ್ನು ಅಂಟುವಾಳದ ನೀರಿನಲ್ಲಿ ಮೆತ್ತನೆಯ ಬ್ರಷ್ಷಿನಿಂದ ತೊಳೆದು ಒಣಗಿಸಿ. ಮಷೀನು ಒಳಗಿರುವಾಗ ಅಂಟುವಾಳದ ಮಾತೇ ಬೇಡ. 0.01 ಗ್ರಾಂವರೆಗೆ ತೋರಿಸುವ ತಕ್ಕಡಿಯಲ್ಲಿ ಮೊದಲು ಹಾಗೇ ತೂಗಿ. ಆಮೇಲೆ ತಕ್ಕಡಿಯ ಮೇಲೆ ನೀರಿನ ಲೋಟವಿಟ್ಟು, ಸೊನ್ನೆಗೆ ತಂದು, ಕೇಸನ್ನು ತೆಳು ನೈಲಾನ್ ದಾರದಲ್ಲಿ ಕಟ್ಟಿ, ತಳ ಮತ್ತು ಬದಿಗೆ ತಾಗದ ಹಾಗೆ ಪೂರ್ತಿ ಮುಳುಗಿಸಿ ಹಿಡಿಯಿರಿ. ಆಗ ತಕ್ಕಡಿ ತೋರಿಸುವುದೇ ಕೇಸು ಪಕ್ಕಕ್ಕೆ ಸರಿಸಿದ ನೀರಿನ ತೂಕ. ಹೊರಗಿನ ತೂಕವನ್ನು ಇದರಿಂದ ಭಾಗಿಸಿ.

ನಿಮ್ಮ ಕೇಸು 12.40 ಗ್ರಾಂ. ಮುಳುಗಿಸಿದಾಗ 0.80 ಬಂದರೆ ಭಾಗಲಬ್ಧ 15.5, ಅಂದರೆ 18 ಕ್ಯಾರೆಟ್ಟೇ. ಅದರ ವ್ಯಾಪ್ತಿ ಸುಮಾರು 15.2ರಿಂದ 15.9. 14 ಕ್ಯಾರೆಟ್ 13ರಿಂದ 14ರ ನಡುವೆ, 9 ಕ್ಯಾರೆಟ್ 11ರ ಆಚೀಚೆ, 22 ಕ್ಯಾರೆಟ್ 17.7ರ ಹತ್ತಿರ. ಹಿತ್ತಾಳೆಯಾಗಿದ್ದರೆ 1.46 ಗ್ರಾಂ ನೀರು ಸರಿಯುತ್ತಿತ್ತು, ಭಾಗಲಬ್ಧ ಎಂಟೂವರೆ. ಎಂಟೂವರೆಗೂ ಹದಿನೈದೂವರೆಗೂ ನಡುವೆ ಇರುವ ಅಂತರ ನೋಡಿ. ಯಾವ ಹೊದಿಕೆಯೂ ಅದನ್ನು ಮುಚ್ಚಲಾರದು. ತಪ್ಪಾಗುವುದು ಗುಳ್ಳೆಗಳಿಂದ. ಕಿವಿಯ ತೂತು, ಮುಚ್ಚಳದ ಅಂಚಿನಲ್ಲಿ ಗಾಳಿ ಗುಳ್ಳೆ ಕೂತರೆ ನೀರು ಹೆಚ್ಚು ಸರಿದು ಬಂಗಾರ ಕಳಪೆಯಾಗಿ ಕಾಣುತ್ತದೆ. ನೀರಿಗೆ ಒಂದು ತೊಟ್ಟು ಸೋಪು ಹಾಕಿ, ಕೇಸನ್ನು ಮುಳುಗಿಸಿ ಅಲುಗಾಡಿಸಿ, ಮೂರು ಸಲ ತೂಗಿ. 0.01 ಗ್ರಾಂ ಏರುಪೇರಾದರೆ ಫಲಿತಾಂಶ 0.2ರಷ್ಟು ಕದಲುತ್ತದೆ, ಅದು ಕ್ಯಾರೆಟ್ ಬದಲಿಸುವಷ್ಟಲ್ಲ. ಮೇ ತಿಂಗಳ ಬಿಸಿನೀರಿನಂಥ ನಲ್ಲಿ ನೀರಿನಿಂದ ಆಗುವ ವ್ಯತ್ಯಾಸ ನೂರಕ್ಕೆ ಒಂದಕ್ಕಿಂತ ಕಡಿಮೆ.

ಈಗ ಅಂಗಡಿಯವರ ಲೆಕ್ಕ. 12.4ರ ಮುಕ್ಕಾಲು 9.3 ಗ್ರಾಂ, ಅಲ್ಲಿಯವರೆಗೆ ಸರಿ. ಆದರೆ ಈ 9.3 ಗ್ರಾಂ ಅಪ್ಪಟ 24 ಕ್ಯಾರೆಟ್ ಬಂಗಾರ. ಇದಕ್ಕೆ 22 ಕ್ಯಾರೆಟ್ ದರ ಹಾಕುವುದೆಂದರೆ ಬೆರಕೆಯನ್ನು ಎರಡು ಸಲ ಕಳೆದ ಹಾಗೆ. ಹಾಕುವುದಾದರೆ 24 ಕ್ಯಾರೆಟ್ ದರ ಹಾಕಲಿ. 22ರ ದರವೇ ಬೇಕೆಂದರೆ ತೂಕವನ್ನು 10.15 ಗ್ರಾಂ ಎಂದು ಹಿಡಿಯಲಿ. ಅದರ ಮೇಲೆ ಶೇ. 10 ವೇಸ್ಟೇಜ್ ಬೇರೆ. ವೇಸ್ಟೇಜ್ ಎಂಬುದು ಒಡವೆ ಮಾಡುವಾಗ ಪುಡಿಯಾಗಿ ಹೋಗುವ ಬಂಗಾರಕ್ಕೆ. ಕರಗಿಸುವವರಿಗೆ ಹೋಗುವುದು ಅಷ್ಟಿಲ್ಲ. ಎರಡೂ ಸೇರಿ ನಿಮಗೆ ಸಿಗುತ್ತಿದ್ದದ್ದು 7.67 ಗ್ರಾಂ ಬಂಗಾರದ ದುಡ್ಡು, ಆರರಲ್ಲಿ ಒಂದು ಪಾಲಿಗಿಂತ ಹೆಚ್ಚು ಹೋದಂತೆ. ತೊಲಿಯ ಲೆಕ್ಕದಲ್ಲಿ ಮಾತಾಡಿದರೆ ಯಾವ ತೊಲಿ ಎಂದು ಕೇಳಿ. ಹಳೆಯ ತೊಲಿ 11.66 ಗ್ರಾಂ, ಈಗ ಬಾಯಿಮಾತಿನ ತೊಲಿ 10 ಗ್ರಾಂ.

ಹೀಗೆ ಬಂದ 9.3 ಗ್ರಾಂ ಬಂಗಾರದ ಬೆಲೆ ನಿಮ್ಮ ವಾಚಿನ ನೆಲ. ಅದಕ್ಕಿಂತ ಕೆಳಗೆ ಯಾರಿಗೂ ಕೊಡಬೇಕಾಗಿಲ್ಲ. ಮೇಲೆ ಎಷ್ಟು ಎಂಬುದನ್ನು ಮಷೀನು ಮತ್ತು ಡಯಲು ಹೇಳಬೇಕು.

ಮಷೀನಿಗೆ ಬರೋಣ. ಒಮೆಗಾದ 30 ಮಿಲಿಮೀಟರಿನ ಚಾವಿ ಕೊಡುವ ಮಷೀನು 1939ರಲ್ಲಿ 30ಟಿ2 ಎಂಬ ಹೆಸರಲ್ಲಿ ಶುರುವಾಯಿತು. 1949ರಿಂದ ಅದೇ ವಂಶಕ್ಕೆ 260ರ ಸಾಲಿನ ಅಂಕಿಗಳು ಬಂದವು. 266 ಅಂದರೆ 17 ಜ್ಯುವೆಲ್ (ಚಕ್ರಗಳ ಅಚ್ಚು ತಿರುಗುವ ಕಡೆ ಸವೆಯದಂತೆ ಕೂರಿಸಿದ ಹರಳುಗಳು), 6ರ ಜಾಗದಲ್ಲಿ ಸಣ್ಣ ಸೆಕೆಂಡು. ತಾಮ್ರಗೆಂಪು ಬಣ್ಣ, ಜ್ಯುವೆಲ್ ಸಂಖ್ಯೆ, ಸೆಕೆಂಡ್ ಮುಳ್ಳಿನ ಜಾಗ ಮೂರೂ ನೀವು ಬರೆದದ್ದಕ್ಕೆ ತಾಳೆಯಾಗುತ್ತವೆ. ಒಳ್ಳೆಯ ಮಷೀನು, ಅರವತ್ತು ಎಪ್ಪತ್ತು ವರ್ಷ ಹಳೆಯದಾದರೂ ತೊಳೆದು ಎಣ್ಣೆ ಬಿಟ್ಟರೆ ದಿನಕ್ಕೆ ಅರ್ಧ ನಿಮಿಷದೊಳಗೆ ನಿಲ್ಲಿಸಬಹುದಾದದ್ದು. ಒಮೆಗಾದ ಮಷೀನ್ ನಂಬರು 1944ರ ಸುಮಾರಿಗೆ 1 ಕೋಟಿ ಮುಟ್ಟಿತು, 1952ರ ಸುಮಾರಿಗೆ 1 ಕೋಟಿ 30 ಲಕ್ಷ. ನಿಮ್ಮದು ಹಾಗಾದರೆ 1952ರ ಆಚೀಚಿನದು. 266 ಎಂಬ ಅಂಕಿಯೂ 1948ರಲ್ಲಿ ಇರಲಿಲ್ಲ.

ಇಲ್ಲಿ ಎರಡು ಸಾಧ್ಯತೆ. ಒಂದು, ಮನೆಯವರ ನೆನಪು ನಾಲ್ಕು ವರ್ಷ ಹಿಂದೆ ಸರಿದಿದೆ. ನಮ್ಮ ಭಾಗದ ಹಿರಿಯರಿಗೆ ಗಲಾಟೆಯ ವರ್ಷ ಒಂದು ಗೂಟವಿದ್ದ ಹಾಗೆ, ಆ ಕಾಲದ ಎಲ್ಲವನ್ನೂ ಅದಕ್ಕೇ ಕಟ್ಟುತ್ತಾರೆ. ಎರಡು, 1948ರಲ್ಲಿ ತಂದ ವಾಚಿನ ಮಷೀನು ಕೆಟ್ಟು ಆಮೇಲೆ ಬೇರೆ ಒಮೆಗಾದ್ದನ್ನು ಕೂರಿಸಿದ್ದಾರೆ. ಇದನ್ನು ಬಿಡಿಸುವುದು ಆ ಸೂಜಿಯ ಗೀಚು. ಅದನ್ನು ಕಂಡು ಬೇಸರ ಪಡಬೇಡಿ, ಉಜ್ಜಿ ತೆಗೆಸಲೇಬೇಡಿ. ಹಿಂದಿನ ರಿಪೇರಿಗಾರರು ವಾಚು ತೊಳೆದಾಗಲೆಲ್ಲ ಮುಚ್ಚಳದ ಒಳಗೆ ಚೂಪು ಮೊನೆಯಿಂದ ತಾರೀಕನ್ನೋ ತಮ್ಮ ಖಾತೆ ನಂಬರನ್ನೋ ಗೀಚುತ್ತಿದ್ದರು. ಬೆಳಕನ್ನು ಓರೆಯಾಗಿ ಬಿಟ್ಟು ನೋಡಿದರೆ ಒಂದರ ಮೇಲೊಂದು ಮೂರ್ನಾಲ್ಕು ಕೈಬರಹ ಕಾಣಬಹುದು. ಅತಿ ಹಳೆಯದು 50, 51 ಎಂದಿದ್ದರೆ ಮುಚ್ಚಳ ಮಷೀನಿಗಿಂತ ಹಿರಿಯದು, ಎರಡನೆಯ ಸಾಧ್ಯತೆ ಗಟ್ಟಿ. ಮೊದಲ ತಾರೀಕೇ 55ರ ಈಚಿನದಾಗಿದ್ದರೆ ಎರಡೂ ಒಟ್ಟಿಗೇ ಹುಟ್ಟಿರಬಹುದು. ಮನೆಯ ಹಳೆ ಪೆಟ್ಟಿಗೆಯಲ್ಲಿ ಬಿಲ್ಲು ಸಿಕ್ಕರೆ, ಅದು ಉರ್ದುವಿನಲ್ಲಿ ಇದ್ದರೂ, ರೂಪಾಯಿ ನಿಜಾಮರ ಹಾಲಿ ಸಿಕ್ಕಾ ನಾಣ್ಯದ ಲೆಕ್ಕದಲ್ಲಿದ್ದರೂ, ಜೋಪಾನ ಮಾಡಿ. ಅಂಥ ಒಂದು ಚೀಟಿ ಹತ್ತು ಮಾತಿಗಿಂತ ಹೆಚ್ಚು ದುಡ್ಡು ತರುತ್ತದೆ.

ಮಷೀನು ಬದಲಾದದ್ದಕ್ಕೆ ದೇಹದ ಗುರುತೂ ಇರುತ್ತದೆ. ಅದನ್ನು ಕೇಸಿಗೆ ಬಿಗಿಯುವ ಸ್ಕ್ರೂಗಳ ತಲೆ ಕೇಸಿನ ಅಂಚಿನಲ್ಲಿ ಅರ್ಧಚಂದ್ರದ ಗೀರು ಬಿಟ್ಟಿರುತ್ತದೆ. ಈಗ ಸ್ಕ್ರೂ ಇರುವ ಜಾಗ ಬಿಟ್ಟು ಬೇರೆ ಕಡೆ ಅಂಥ ಗೀರಿದ್ದರೆ ಹಿಂದೆ ಬೇರೊಂದು ಮಷೀನು ಕೂತಿತ್ತು. ಚಾವಿಯ ಕಡ್ಡಿ ಕೇಸಿನ ತೂತಿನ ನಡುವೆ ಬರದೆ ಒಂದು ಬದಿಗೆ ತಿಕ್ಕುವುದು, ಮಷೀನು ಅಲುಗದಿರಲು ಕಾಗದದ ಚೂರೋ ತಗಡಿನ ತುಂಡೋ ತುರುಕಿರುವುದು, ಇವೂ ಅದನ್ನೇ ಹೇಳುತ್ತವೆ. ಇನ್ನೊಂದು ಮಾತು: ಮುಚ್ಚಳದ ನಂಬರೂ ಮಷೀನಿನ ನಂಬರೂ ಬೇರೆ ಬೇರೆ ಎಂದು ಕೆಲವರು ಹೆದರಿಸುತ್ತಾರೆ. ಒಮೆಗಾದಲ್ಲಿ ಅವು ಬೇರೆಯೇ ಇರುತ್ತವೆ. ಮುಚ್ಚಳದ್ದು ಕೇಸಿನ ಮಾದರಿಯ ಅಥವಾ ಕೇಸಿನದೇ ಸಂಖ್ಯೆ.

ಮಷೀನು ಈಗ ಓಡುತ್ತಿದೆಯೇ ಎಂದು ನೋಡಲು ದಿನಾ ಚಾವಿ ಕೊಡಬೇಡಿ. ಒಣಗಿದ ಎಣ್ಣೆ ಗೋಂದಿನ ಹಾಗಾಗಿ, ಅದರಲ್ಲಿ ಸಿಕ್ಕ ಧೂಳು ಅಚ್ಚುಗಳನ್ನು ಅರೆಯುತ್ತದೆ. ಸಂಡೂರು, ಹೊಸಪೇಟೆ ಕಡೆಯ ವಾಚುಗಳಲ್ಲಿ ಈ ಕೇಡು ಬೇಗ. ಅಲ್ಲಿನ ಕೆಂಪು ಧೂಳು ಕಬ್ಬಿಣದ ಆಕ್ಸೈಡು, ಪತ್ತಾರರು ಬಂಗಾರಕ್ಕೆ ಹೊಳಪು ಕೊಡಲು ಬಳಸುವ ಕೆಂಪು ಪುಡಿಯ ಬಂಧುವೇ. ಒಂದು ಸಲ ಪೂರ್ತಿ ಚಾವಿ ಕೊಟ್ಟು 36 ಗಂಟೆಯಾದರೂ ಓಡುತ್ತದೆಯೇ, ಮಲಗಿಸಿದಾಗ ಮತ್ತು ನಿಲ್ಲಿಸಿದಾಗ ಎಷ್ಟು ಹೆಚ್ಚುಕಡಿಮೆ ಎಂದು ನೋಡಿ, ನಿಲ್ಲಿಸಿಬಿಡಿ. ಟೈಮಿಂಗ್ ಮಷೀನು ಇರುವ ರಿಪೇರಿಯವರಾದರೆ ಬ್ಯಾಲೆನ್ಸ್, ಅಂದರೆ ಅತ್ತಿತ್ತ ತಿರುಗುತ್ತಾ ವೇಳೆ ಕಾಯುವ ಚಕ್ರ, ಎಷ್ಟು ಡಿಗ್ರಿ ತೂಗುತ್ತದೆ ಎಂದು ಕೇಳಿ. ಡಯಲ್ ಮೇಲ್ಮುಖವಾಗಿಟ್ಟಾಗ 250ರಿಂದ 300 ಆರೋಗ್ಯ, 200ಕ್ಕಿಂತ ಕೆಳಗಾದರೆ ತೊಳೆಯುವ ಹೊತ್ತಾಗಿದೆ.

ಇನ್ನು ಡಯಲು. ಹಣದ ಏರಿಳಿತ ಹೆಚ್ಚಾಗಿ ಇಲ್ಲಿಯೇ. ಫೋಟೊ ನೋಡಿ ಡೂಪ್ಲಿಕೇಟ್ ಅಂದವರು ಸರಿಯಿರಬಹುದು, ಬೆಲೆ ಇಳಿಸಲು ಬೀಸಿದ ಗಾಳವೂ ಇರಬಹುದು. ನೀವೇ ನೋಡಿ. ಬೆಳಗಿನ ಓರೆ ಬಿಸಿಲಿನಲ್ಲಿ, ಗ್ಲಾಸು ತೆಗೆಸಿ, ಐಗ್ಲಾಸಿನಲ್ಲಿ. ತೆಗೆದ ಗ್ಲಾಸನ್ನೂ ಬಿಸಾಡಬೇಡಿ: ಒಮೆಗಾದ ಮೂಲ ಪ್ಲಾಸ್ಟಿಕ್ ಗ್ಲಾಸಿನ ನಟ್ಟನಡುವೆ ಬರಿಗಣ್ಣಿಗೆ ಕಾಣದಷ್ಟು ಸಣ್ಣ ಒಮೆಗಾ ಚಿಹ್ನೆ ಕೊರೆದಿರುತ್ತದೆ, ಮುಳ್ಳುಗಳ ಗುಬ್ಬಿಯ ಮೇಲ್ಭಾಗಕ್ಕೆ ಸರಿಯಾಗಿ.

ಮೊದಲು ಡಯಲಿನ ಕೆಳ ಅಂಚಿಗೆ ಹೋಗಿ. 6ರ ಕೆಳಗೆ ‘ಸ್ವಿಸ್ ಮೇಡ್’ ಎಂದು ಸಾಸಿವೆಗಿಂತ ಚಿಕ್ಕ ಅಕ್ಷರ ಇರಬೇಕು. ಬಣ್ಣ ಬಳಿದವರು ಮರೆಯುವುದು ಇದನ್ನೇ. ಬರೆದಿದ್ದರೂ ದಪ್ಪಗೆ, ಅಂಚಿನಿಂದ ದೂರ ಬರೆದಿರುತ್ತಾರೆ. ಆ ಮಾತಿನ ಎರಡು ಬದಿಗೆ ‘ಟಿ’ ಅಕ್ಷರವಿದ್ದರೆ ಅದು ಟ್ರಿಟಿಯಂ ಹೊಳಪಿನ ಗುರುತು, ಅರವತ್ತರ ದಶಕದ ರೂಢಿ; 1952ರ ಡಯಲಿನಲ್ಲಿ ಇರಬಾರದು. ‘ಓಎಂ’ ಎಂದಿದ್ದರೆ ಮಾತ್ರ ಖುಷಿಪಡಿ, ಡಯಲು ಅಥವಾ ಅದರ ಮೇಲಿನ ಗುರುತುಗಳು ಗಟ್ಟಿ ಬಂಗಾರದ್ದು ಎಂದು ಅದರ ಅರ್ಥ.

ಅಲ್ಲಿಂದ ನಿಮಿಷದ ಗೆರೆಗಳ ಮೇಲೆ ಕಣ್ಣು ಹಾಯಿಸಿ. ಕಾರ್ಖಾನೆಯ ಅಚ್ಚಿನಲ್ಲಿ ಗಂಟೆಯ ಗುರುತಿನ ತುದಿ ನಿಮಿಷದ ಗೆರೆಗೆ ನೇರ ಗುರಿ ಇಟ್ಟಿರುತ್ತದೆ. ಮರುಬಣ್ಣದಲ್ಲಿ 12ರ ಹತ್ತಿರ ಸರಿಯಿದ್ದು 4, 5ಕ್ಕೆ ಬರುವಷ್ಟರಲ್ಲಿ ಕೂದಲೆಳೆ ಸರಿದಿರುತ್ತದೆ. ಆಮೇಲೆ ಮೇಲೆ ಕೂರಿಸಿದ ಬಂಗಾರದ ಅಂಕಿಗಳ ಬುಡ ನೋಡಿ. ಅವುಗಳನ್ನು ತೆಗೆಯದೆ ಬಣ್ಣ ಎರಚಿದ್ದರೆ ಬುಡದಲ್ಲಿ ಬಣ್ಣ ಕೆರೆಯಂಚಿನ ಕೆಸರಿನ ಹಾಗೆ ದಪ್ಪಗೆ ಕಟ್ಟಿರುತ್ತದೆ. ಸೆಕೆಂಡಿನ ಪುಟ್ಟ ಸುತ್ತಿನೊಳಗೆ ಉಂಗುರ ಉಂಗುರವಾಗಿ ಸಣ್ಣ ಗೀರುಗಳಿರುತ್ತವೆ, ಬೆಳಕು ತಿರುಗಿಸಿದರೆ ಬೀಸಣಿಗೆಯಂತೆ ಮಿನುಗಬೇಕು. ಮಿನುಗದೆ ಮಂಕಾಗಿದ್ದರೆ ಗೀರುಗಳು ಬಣ್ಣದಲ್ಲಿ ಮುಳುಗಿವೆ. ಒಮೆಗಾ ಎಂಬ ಬರಹದ ಅಕ್ಷರಗಳ ತುದಿ ಕತ್ತರಿಸಿದಷ್ಟು ಚೂಪೋ, ಶಾಯಿ ಹರಡಿ ದುಂಡೋ, ಇದನ್ನು ಕೊನೆಗೆ ನೋಡಿದರೆ ಸಾಕು. ಅಷ್ಟರಲ್ಲಿ ಉತ್ತರ ಸಿಕ್ಕಿರುತ್ತದೆ.

ಹಳದಿ ತಿರುಗಿದ, ಅಂಚಿನಲ್ಲಿ ಚುಕ್ಕೆ ಬಿದ್ದ ಹಳೆಯ ಡಯಲು ಕಂಡರೆ ಹೊಸದು ಮಾಡಿಸೋಣ ಎನ್ನಿಸುತ್ತದೆ. ಸಂಗ್ರಾಹಕರಿಗೆ ಬೇಕಾದದ್ದು ಆ ಹಳದಿಯೇ. ಮುಂಬೈ ಸ್ಪೆಷಲ್ ಎಂದು ಅವರು ಕಿಚಾಯಿಸುವುದು ಹಳೇ ಫೇವರ್ ಲೂಬಾ, ಎಚ್‌ಎಂಟಿಗಳಿಗೆ ಥಳಥಳಿಸುವ ಬಣ್ಣ ಬಳಿದು ಮಾರುವ ವಾಚುಗಳನ್ನು. ನಿಮ್ಮ ಡಯಲು ಮರುಬಳಿದದ್ದೇ ಆಗಿದ್ದರೂ ಮತ್ತೊಮ್ಮೆ ಬಳಿಸಬೇಡಿ. ಮುಳ್ಳುಗಳಲ್ಲಿ ಹಳೆಯ ಹೊಳೆಯುವ ಪುಡಿ ಇದ್ದರೆ ಕೆರೆಯಬೇಡಿ, ಆ ಕಾಲದ್ದು ರೇಡಿಯಂ. ಅದರ ಪುಡಿ ಉಸಿರಿಗೆ ಹೋಗಬಾರದು.

ಕೇಸಿನ ಪಾಲಿಷಿಗೂ ಇದೇ ಮಾತು. ಹಬ್ಬಕ್ಕೆ ಮಿಂಚಿಸಿ ಕೊಡುತ್ತೇನೆ ಎಂದು ಬಫ್ ಚಕ್ರಕ್ಕೆ ಹಿಡಿದರೆ ಕಿವಿಗಳ ಚೂಪು ಅಂಚು ಸೋಪಿನ ತುಂಡಿನ ಹಾಗೆ ದುಂಡಗಾಗುತ್ತದೆ, ಹೊರಗಿನ ಮುದ್ರೆ ಅಳಿಸುತ್ತದೆ. ಸ್ವಲ್ಪ ಬಂಗಾರವೂ ಪುಡಿಯಾಗಿ ಅಂಗಡಿಯ ಡಬ್ಬಿ ಸೇರುತ್ತದೆ.

ಹಾಗಾದರೆ ಬೆಲೆ? ಇತ್ತೀಚಿನ ವರ್ಷಗಳಲ್ಲಿ ಬಂಗಾರ ಏರಿದ ರಭಸಕ್ಕೆ ವಾಚಿನ ಬೆಲೆ ಏರಿಲ್ಲ. ಹೆಸರಿಲ್ಲದ ಸ್ವಿಸ್ ಮಷೀನಿನ 18 ಕ್ಯಾರೆಟ್ ವಾಚು ಇಂದು ಹೆಚ್ಚಾಗಿ ಬಂಗಾರದ ಬೆಲೆಗೇ ನಿಲ್ಲುತ್ತದೆ. ಒಮೆಗಾ ಆ ಗುಂಪಿಗಿಂತ ಮೇಲೆ. ಡಯಲು ಮೂಲದ್ದು, ಕಿವಿಗಳು ಚೂಪು, ಮಷೀನು ಕೇಸಿನ ಜೊತೆಗಿನದು ಎಂದಾದರೆ 9.3 ಗ್ರಾಂ ಬಂಗಾರದ ಬೆಲೆಯ ಮೇಲೆ ಕಣ್ಣಿಗೆ ಕಾಣುವಷ್ಟು ಹೆಚ್ಚು ಕೇಳಿ, ಸಿಗುತ್ತದೆ. ಡಯಲು ಮರುಬಳಿದದ್ದಾದರೆ ಆ ಹೆಚ್ಚಿನ ಪಾಲು ಅರ್ಧಕ್ಕೂ ಕೆಳಗಿಳಿಯುತ್ತದೆ. ಡಯಲು, ಮಷೀನು ಎರಡೂ ಬದಲಾಗಿದ್ದರೆ ಬಂಗಾರದ ಬೆಲೆ, ಮೇಲೆ ಮಷೀನಿಗೊಂದಿಷ್ಟು. ಆಗಲೂ ಕೇಸು ಕರಗಿಸಲು ಕೊಡುವವರು ಮಷೀನನ್ನು ಬಿಟ್ಟಿ ಕೊಟ್ಟು ಬರಬಾರದು, ಓಡುವ 266ಕ್ಕೆ ರಿಪೇರಿಯವರಲ್ಲೇ ಗಿರಾಕಿ ಇದ್ದಾರೆ. ಜಾಲತಾಣಗಳಲ್ಲಿ ಕಾಣುವುದು ಮಾರುವವರು ಕೇಳುವ ಬೆಲೆ. ಮಾರಿ ಮುಗಿದ ಬೆಲೆ ಹರಾಜಿನ ಫಲಿತಾಂಶಗಳಲ್ಲಿದೆ. ಅದೇ 266 ಮಷೀನು, ಅದೇ 18 ಕ್ಯಾರೆಟ್, 34–35 ಮಿಲಿಮೀಟರ್ ಅಳತೆಯದನ್ನು ಹುಡುಕಿ ಹೋಲಿಸಿ. ಕೇಸಿನ ತೂಕವನ್ನೂ ನೋಡಿ, ದಪ್ಪ ಕೇಸಿಗೂ ತೆಳು ಕೇಸಿಗೂ ನಾಲ್ಕೈದು ಗ್ರಾಂ ವ್ಯತ್ಯಾಸ ಬರುತ್ತದೆ.

ನಿಮ್ಮ ಜಾಗದಲ್ಲಿ ಯಾರೇ ಇದ್ದರೂ ಹೇಳುವುದು: ಗೀಚಿದ ತಾರೀಕು ಓದುವವರೆಗೆ, ಡಯಲು ಓರೆ ಬೆಳಕಿನಲ್ಲಿ ನೋಡುವವರೆಗೆ ಮಾರುವ ಮಾತು ತೆಗೆಯಬೇಡಿ. ಖರೀದಿದಾರರಿಗೆ ಫೋಟೊ ಕಳಿಸುವುದಾದರೆ ಗ್ಲಾಸಿಲ್ಲದ ಡಯಲು, ಮಷೀನು, ಮುಚ್ಚಳದ ಒಳಮೈ, ನಾಲ್ಕೂ ಕಿವಿಗಳು, ತಕ್ಕಡಿಯ ಮೇಲಿನ ಬರೀ ಕೇಸು, ಇಷ್ಟು ಸಾಕು. ನಂಬರಿನ ಕೊನೆಯ ಮೂರು ಅಂಕಿಗಳನ್ನು ಬೆರಳಿನಿಂದ ಮುಚ್ಚಿ ತೆಗೆಯಿರಿ. ರಿಪೇರಿಗೋ ಪರೀಕ್ಷೆಗೋ ಅಂಗಡಿಯಲ್ಲಿ ಬಿಟ್ಟು ಬರಬೇಕಾದರೆ ಚೀಟಿಯಲ್ಲಿ ‘ಒಮೆಗಾ ವಾಚು ಒಂದು’ ಎಂದಷ್ಟೇ ಬರೆಸಿಕೊಳ್ಳಬೇಡಿ. ಮಷೀನಿನ ಪೂರ್ತಿ ನಂಬರು, ಕೇಸಿನ ತೂಕ 12.40 ಗ್ರಾಂ, ಡಯಲಿನ ಬಣ್ಣ, ಮೂರನ್ನೂ ನಿಮ್ಮ ಎದುರೇ ಬರೆಸಿ ಸಹಿ ಹಾಕಿಸಿ. ವಾಪಸು ತೆಗೆದುಕೊಳ್ಳುವಾಗ ಮುಚ್ಚಳ ತೆಗೆಸಿ ಆ ನಂಬರು ಓದಿಯೇ ದುಡ್ಡು ಕೊಡಿ.